10ನೇ ನಂಬರ್ ಅಂಗಿ ಒಂದೇ

ಓದುಗರ ಪ್ರಶ್ನೆ: ಐರ್ಲೆಂಡ್‌ನ ಜಾನಿ ಸೆಕ್ಸ್‌ಟನ್ 2018ರಲ್ಲಿ ವಿಶ್ವದ ವರ್ಷದ ರಗ್ಬಿ ಆಟಗಾರ ಆದವರು. ಅಂಥವರು ದೇಶದ ತಂಡಕ್ಕೆ ಬಂದಿದ್ದು 24ನೇ ವಯಸ್ಸಿನಲ್ಲಿ. ಅಷ್ಟು ತಡ ಯಾಕಾಯ್ತು?

ಆಟ ಬರುತ್ತಿರಲಿಲ್ಲ ಅಂತಲ್ಲ. ಡಬ್ಲಿನ್‌ನ ಸೇಂಟ್ ಮೇರೀಸ್ ಶಾಲೆಯ ಹುಡುಗ ಅವರು. 2002ರಲ್ಲಿ ಆ ಶಾಲೆ ಲೀನ್‌ಸ್ಟರ್ ಶಾಲಾ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೆಕ್ಸ್‌ಟನ್ ಒಂದು ಡ್ರಾಪ್ ಗೋಲ್ ಹೊಡೆದಿದ್ದರು. ಚೆಂಡನ್ನು ಕೈಯಿಂದ ಬಿಟ್ಟು, ಅದು ನೆಲಕ್ಕೆ ತಾಗಿ ಪುಟಿಯುತ್ತಿದ್ದ ಹಾಗೇ ಕಂಬಗಳ ನಡುವೆ ಒದೆಯೋದು. ಆಗ ಅವರಿಗೆ 16.

ಅಡ್ಡಿ ಇದ್ದಿದ್ದು ಅವರು ಆಡುವ ಜಾಗದಲ್ಲಿ. ಫ್ಲೈ ಹಾಫ್, ಅಂದರೆ 10ನೇ ನಂಬರ್. ಮುಂದಿನ ಆಟ ಹೇಗಿರಬೇಕು ಅಂತ ತೀರ್ಮಾನಿಸೋದು, ಸಾಮಾನ್ಯವಾಗಿ ಪೆನಾಲ್ಟಿ ಒದೆಯೋದು ಅವರೇ. ಕ್ರಿಕೆಟ್‌ನ ವಿಕೆಟ್ ಕೀಪರ್ ಥರ, ಒಬ್ಬರಿಗೇ ಜಾಗ. 2006ರಲ್ಲಿ ಲೀನ್‌ಸ್ಟರ್ ಪ್ರಾಂತ್ಯದ ತಂಡಕ್ಕೆ ಬಂದಾಗ ಅಲ್ಲಿ ಅರ್ಜೆಂಟೀನಾದ ಫೆಲಿಪೆ ಕೊಂತೆಪೋಮಿ ಇದ್ದರು. ಐರ್ಲೆಂಡ್ ತಂಡದಲ್ಲಿ ಇನ್ನೊಂದು ಪ್ರಾಂತ್ಯವಾದ ಮನ್‌ಸ್ಟರ್‌ನ ರೋನನ್ ಓಗಾರಾ. ಬೆಂಚ್ ಮೇಲೆ ಕೂತು ಕಾಯೋದೇ ಕೆಲಸ.

ಬಾಗಿಲು ತೆರೆದಿದ್ದು 2009ರ ಮೇ 2ರಂದು. ಯುರೋಪಿನ ತಂಡಗಳ ಹೈನೆಕೆನ್ ಕಪ್ ಸೆಮಿಫೈನಲ್, ಲೀನ್‌ಸ್ಟರ್ ಎದುರಿಗೆ ಅದೇ ಮನ್‌ಸ್ಟರ್. ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ 82,208 ಜನ. ಮೊದಲ ಅರ್ಧದಲ್ಲೇ ಕೊಂತೆಪೋಮಿಯ ಮೊಣಕಾಲಿಗೆ ಪೆಟ್ಟಾಯಿತು. ಸೆಕ್ಸ್‌ಟನ್ ಮೈದಾನಕ್ಕೆ ಇಳಿದರು. ಬಂದ ತಕ್ಷಣ ಮಾಡಬೇಕಾದ ಕೆಲಸ ಏನು ಗೊತ್ತಾ? ಪೆನಾಲ್ಟಿ ಒದೆಯೋದು! ಮೈ ಇನ್ನೂ ಬೆಚ್ಚಗಾಗಿಲ್ಲ, ಸುತ್ತ ಅಷ್ಟು ಗದ್ದಲ. ಒದ್ದರು, ಚೆಂಡು ಕಂಬಗಳ ನಡುವೆ ಹೋಯಿತು. ಲೀನ್‌ಸ್ಟರ್ 25-6ರಿಂದ ಗೆದ್ದಿತು. ಆ ದಿನದ ಒಂದು ಫೋಟೋ ತುಂಬಾ ಹೆಸರುವಾಸಿ: ಲೀನ್‌ಸ್ಟರ್ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತೋದು) ಹೊಡೆದ ಖುಷಿಯಲ್ಲಿ ಸೆಕ್ಸ್‌ಟನ್, ನೆಲದ ಮೇಲಿದ್ದ ಓಗಾರಾ ಕಡೆ ಬಗ್ಗಿ ಕಿರುಚುತ್ತಿದ್ದಾರೆ. ಹಿರಿಯ ಆಟಗಾರನಿಗೆ ಹಾಗೆ ಮಾಡಿದ್ದು ಸ್ವಲ್ಪ ಜಾಸ್ತಿಯೇ ಆಯ್ತು ಅನ್ನಿ. ಆದರೆ ಮೂರು ವರ್ಷ ಕಾದವರ ಹೊಟ್ಟೆಯೊಳಗಿನ ಉರಿಯೂ ಅದರಲ್ಲಿ ಕಾಣುತ್ತದೆ. ಮುಂದೆ ಪ್ಯಾರಿಸ್‌ನ ರಾಸಿಂಗ್ ತಂಡದಲ್ಲಿ ಇದೇ ಓಗಾರಾ ಅವರಿಗೆ ಕೋಚ್ ಆದರು, ತಮಾಷೆ ಅಲ್ವಾ?

ಮೂರು ವಾರದ ನಂತರ ಎಡಿನ್‌ಬರೋದಲ್ಲಿ ಫೈನಲ್, ಎದುರಾಳಿ ಇಂಗ್ಲೆಂಡ್‌ನ ಲೆಸ್ಟರ್. ಸೆಕ್ಸ್‌ಟನ್ ಮಧ್ಯದ ಗೆರೆಯ ಆಸುಪಾಸಿನಿಂದಲೇ ಒಂದು ಡ್ರಾಪ್ ಗೋಲ್ ಹಾಕಿದರು. ಸ್ಕೋರ್ 16-16 ಆಗಿದ್ದಾಗ ಗೆಲುವಿನ ಪೆನಾಲ್ಟಿಯೂ ಅವರದ್ದೇ. 19-16. ಲೀನ್‌ಸ್ಟರ್‌ಗೆ ಅದು ಮೊದಲ ಯುರೋಪ್ ಕಪ್.

ಇಷ್ಟಾದರೂ ಐರ್ಲೆಂಡ್ ತಂಡದಲ್ಲಿ ಜಾಗ ಸುಮ್ನೆ ಸಿಗಲಿಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ಡ್ರಾಪ್ ಗೋಲ್ ಹೊಡೆದು, 1948ರ ನಂತರ ದೇಶಕ್ಕೆ ಮೊದಲ ಗ್ರ್ಯಾಂಡ್ ಸ್ಲ್ಯಾಮ್ (ಆರು ದೇಶಗಳ ಟೂರ್ನಿಯಲ್ಲಿ ಎಲ್ಲ ಪಂದ್ಯಗಳ ಗೆಲುವು) ತಂದವರು ಓಗಾರಾ. ಅವರನ್ನು ಹೇಗೆ ತಾನೇ ಕೂರಿಸೋದು? ಕೊನೆಗೆ ನವೆಂಬರ್ 21ರಂದು ಫಿಜಿ ವಿರುದ್ಧ ಸೆಕ್ಸ್‌ಟನ್ ಮೊದಲ ಬಾರಿಗೆ ದೇಶಕ್ಕೆ ಆಡಿದರು. 16 ಪಾಯಿಂಟ್, ಪಂದ್ಯದ ಆಟಗಾರ. ಮುಂದಿನ ಶನಿವಾರ ವಿಶ್ವ ಚಾಂಪಿಯನ್ ದಕ್ಷಿಣ ಆಫ್ರಿಕಾ. ಐರ್ಲೆಂಡ್ 15-10ರಿಂದ ಗೆದ್ದಿತು. ಆ 15ಕ್ಕೆ 15 ಪಾಯಿಂಟೂ ಸೆಕ್ಸ್‌ಟನ್ ಕಾಲಿನಿಂದಲೇ ಬಂದವು.