ಪರಿಸರ ಕಾನೂನಿನ ಮೊದಲ ಪಾಠ: ರುಜುವಾತು ಮಾಡಬೇಕಾದವರು ಯಾರು?

ಪರಿಸರ ಕಾನೂನಿನ ತರಗತಿಗೆ ಬರುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರನ್ನು ಕರೆತರುವುದು ಕಾಡು, ನದಿ, ಪ್ರಾಣಿಗಳ ಮೇಲಿನ ಪ್ರೀತಿ. ಆ ಪ್ರೀತಿ ಬೇಕು. ಅದಿಲ್ಲದೆ ಈ ವಿಷಯದಲ್ಲಿ ಬಹಳ ಕಾಲ ನಿಲ್ಲುವುದು ಕಷ್ಟ. ಆದರೆ ಪುಸ್ತಕ ತೆರೆದ ಕೆಲವೇ ದಿನಗಳಲ್ಲಿ ಉತ್ಸಾಹ ಇಳಿಯುತ್ತದೆ. ಒಪ್ಪಂದಗಳ ಪಟ್ಟಿ, ಕಾಯ್ದೆಗಳ ಪಟ್ಟಿ, ತತ್ವಗಳ ಪಟ್ಟಿ. 1972 ಸ್ಟಾಕ್‌ಹೋಮ್, 1992 ರಿಯೊ, 2015 ಪ್ಯಾರಿಸ್ ಅಂತ ಗಿಣಿಪಾಠ ಶುರುವಾಗುತ್ತದೆ. ಪರೀಕ್ಷೆ ಮುಗಿದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ.

ಕೇಸು ನಡೆಸುತ್ತಾ, ಪಾಠವನ್ನೂ ಮಾಡುತ್ತಾ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದಿದೆ. ಈ ಎಲ್ಲ ಪಟ್ಟಿಗಳ ಅಡಿಯಲ್ಲಿ ಇರುವುದು ಒಂದೇ ಪ್ರಶ್ನೆ. ಹಾನಿ ಆಗುತ್ತಿದೆಯೋ ಇಲ್ಲವೋ ಖಚಿತವಾಗಿ ಗೊತ್ತಿಲ್ಲದಾಗ, ಅದನ್ನು ತೋರಿಸಿಕೊಡುವ ಹೊರೆ ಯಾರ ತಲೆಯ ಮೇಲೆ? ಹೊಗೆ ಬಿಡುವವರ ಮೇಲೋ, ಹೊಗೆ ಕುಡಿಯುವವರ ಮೇಲೋ? ಈ ಪ್ರಶ್ನೆ ಕೈಯಲ್ಲಿದ್ದರೆ ಯಾವ ದೇಶದ ಪರಿಸರ ಕಾನೂನನ್ನಾದರೂ ಓದಬಹುದು.

ಎಲ್ಲ ಪಠ್ಯಪುಸ್ತಕಗಳಲ್ಲೂ ಬರುವ ಟ್ರೇಲ್ ಸ್ಮೆಲ್ಟರ್ ಪ್ರಕರಣವನ್ನೇ ನೋಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಗಡಿಗೆ ಹತ್ತಿರ, ಸೀಸ ಮತ್ತು ಸತು ಕರಗಿಸುವ ಕಾರ್ಖಾನೆ. ಅದರ ಗಂಧಕದ ಹೊಗೆ ಕೊಲಂಬಿಯಾ ನದಿಯ ಕಣಿವೆ ಹಿಡಿದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಲಗಳಿಗೆ, ಮರಗಳಿಗೆ ಇಳಿಯುತ್ತಿತ್ತು. ಎರಡೂ ದೇಶಗಳು ಸೇರಿ ಮಧ್ಯಸ್ಥಿಕೆ ನ್ಯಾಯಮಂಡಳಿ ರಚಿಸಿದವು. 1941ರ ಅಂತಿಮ ತೀರ್ಪಿನ ಒಂದು ವಾಕ್ಯ ಬಹಳ ಪ್ರಸಿದ್ಧ: ಬೇರೆ ದೇಶಕ್ಕೆ ಹೊಗೆಯಿಂದ ಹಾನಿಯಾಗುವ ಹಾಗೆ ತನ್ನ ನೆಲವನ್ನು ಬಳಸುವ ಹಕ್ಕು ಯಾವ ದೇಶಕ್ಕೂ ಇಲ್ಲ. ವಿದ್ಯಾರ್ಥಿಗಳು ಇಷ್ಟನ್ನು ಉತ್ತರಪತ್ರಿಕೆಯಲ್ಲಿ ಬರೆದು ಮುಂದೆ ಹೋಗುತ್ತಾರೆ. ಆದರೆ ಆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಹಾನಿ ಗಂಭೀರವಾಗಿರಬೇಕು, ಮತ್ತು ಸ್ಪಷ್ಟವಾದ, ಮನವರಿಕೆಯಾಗುವ ಪುರಾವೆಯಿಂದ ಸಿದ್ಧವಾಗಿರಬೇಕು ಎಂಬ ಷರತ್ತು ಅದೇ ವಾಕ್ಯದಲ್ಲಿದೆ. ನನಗೆ ಮುಖ್ಯ ಅನ್ನಿಸುವುದು ಈ ಎರಡನೇ ಅರ್ಧ. ತತ್ವ ಎಷ್ಟೇ ದೊಡ್ಡದಾಗಿರಲಿ, ಪುರಾವೆಯ ಹೊರೆ ಹೊಗೆ ಕುಡಿದವರ ಮೇಲೇ ಉಳಿಯಿತು. ಅಲ್ಲಿ ಎರಡು ಸರ್ಕಾರಗಳಿದ್ದವು, ತಜ್ಞರನ್ನು ನೇಮಿಸಿ ಗಾಳಿ, ಬೆಳೆ, ಅನಿಲ ಎಲ್ಲವನ್ನೂ ಅಳೆಸುವುದಕ್ಕೆ ವರ್ಷಗಳ ಕಾಲಾವಕಾಶ ಇತ್ತು. ಒಬ್ಬ ರೈತನಿಗೆ ಇದೆಲ್ಲ ಎಲ್ಲಿಂದ ಬರಬೇಕು?

ಅದಕ್ಕೇ ನಾನು ಇದರ ಪಕ್ಕದಲ್ಲಿ ಬೂಮರ್ ಪ್ರಕರಣವನ್ನು ಇಟ್ಟು ಓದಿಸುತ್ತೇನೆ. 1970, ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ. ಒಂದು ಸಿಮೆಂಟ್ ಕಾರ್ಖಾನೆಯ ಧೂಳು, ಹೊಗೆ, ನೆಲದ ನಡುಕದಿಂದ ಅಕ್ಕಪಕ್ಕದವರಿಗೆ ಬದುಕುವುದು ಕಷ್ಟವಾಗಿತ್ತು. ಅವರು ಹಾನಿಯನ್ನು ರುಜುವಾತು ಮಾಡಿದರು. ನ್ಯಾಯಾಲಯವೂ ಒಪ್ಪಿತು. ಹಳೆಯ ನಿಯಮದ ಪ್ರಕಾರ ಕಾರ್ಖಾನೆಗೆ ತಡೆಯಾಜ್ಞೆ ಸಿಗಬೇಕಿತ್ತು. ಆದರೆ ಕಾರ್ಖಾನೆಯ ಬಂಡವಾಳ 4.5 ಕೋಟಿ ಡಾಲರ್‌ಗೂ ಜಾಸ್ತಿ, ಕೆಲಸಗಾರರು 300ಕ್ಕೂ ಜಾಸ್ತಿ. ಅಕ್ಕಪಕ್ಕದವರ ಒಟ್ಟು ಶಾಶ್ವತ ನಷ್ಟ 1,85,000 ಡಾಲರ್ ಅಂತ ಲೆಕ್ಕ. ಆ ದುಡ್ಡು ಕಟ್ಟಿದರೆ ಕಾರ್ಖಾನೆ ನಡೆಯಬಹುದು ಎಂದು ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಜೇಸನ್ ಒಪ್ಪಲಿಲ್ಲ. ಇದು ಮುಂದುವರಿಯುತ್ತಲೇ ಇರುವ ತಪ್ಪಿಗೆ ಲೈಸೆನ್ಸ್ ಕೊಟ್ಟ ಹಾಗೆ ಎಂದು ಭಿನ್ನ ತೀರ್ಪಿನಲ್ಲಿ ಬರೆದರು. ಆ ಭಿನ್ನ ತೀರ್ಪನ್ನು ದಯವಿಟ್ಟು ಪೂರ್ತಿ ಓದಿ. ಹಾನಿ ರುಜುವಾತಾದ ಮೇಲೂ ಅದು ನಿಲ್ಲಲಿಲ್ಲ ಅಂದರೆ ಎಲ್ಲಿ ಕೊರತೆ ಇದೆ ಅನ್ನುವುದು ಅಲ್ಲಿ ಕಾಣುತ್ತದೆ. ಬಹುಮತದ ನ್ಯಾಯಾಧೀಶರೂ ಒಂದು ಮಾತು ಒಪ್ಪಿಕೊಂಡರು: ಇಡೀ ಪ್ರದೇಶದ ಗಾಳಿಯನ್ನು ಸರಿಪಡಿಸುವುದು ಇಬ್ಬರು ಖಾಸಗಿ ಕಕ್ಷಿದಾರರ ಜಗಳದಲ್ಲಿ ಆಗುವ ಕೆಲಸವಲ್ಲ.

ಕಾಯ್ದೆಗಳು ಹುಟ್ಟಿದ್ದು ಈ ಕೊರತೆ ತುಂಬುವುದಕ್ಕೆ. ಹಾನಿಯಾದ ಮೇಲೆ ಕೋರ್ಟಿಗೆ ಹೋಗುವ ಬದಲು ಮೊದಲೇ ಅನುಮತಿ, ಮೊದಲೇ ಮಿತಿ. ಮಿತಿ ದಾಟಿದರೆ ತಪ್ಪು, ಯಾರಿಗೆ ಎಷ್ಟು ಹಾನಿಯಾಯಿತು ಅಂತ ತೋರಿಸಬೇಕಾಗಿಲ್ಲ. ಕೇಳುವುದಕ್ಕೆ ಹೊರೆ ಪೂರ್ತಿ ಇಳಿದ ಹಾಗೆ ಅನ್ನಿಸುತ್ತದೆ, ಅಲ್ವಾ? ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಒಂದು ಅನುಮತಿ ಪತ್ರದಲ್ಲಿ ಹೊಗೆಯ ಧೂಳಿನ ಮಿತಿ ಘನ ಮೀಟರಿಗೆ 50 ಮಿಲಿಗ್ರಾಂ, 24 ಗಂಟೆಯ ಸರಾಸರಿ ಎಂದು ಇದೆ ಅಂತ ಇಟ್ಟುಕೊಳ್ಳಿ. ಚಿಮಣಿ 22 ಗಂಟೆ 20 ಮಿಲಿಗ್ರಾಂ ಬಿಡುತ್ತದೆ, ರಾತ್ರಿ 2 ಗಂಟೆ ಮಾತ್ರ 380 ಬಿಡುತ್ತದೆ. ಹೊಗೆಯ ಪ್ರಮಾಣ ದಿನವಿಡೀ ಒಂದೇ ಇದ್ದರೆ ಸರಾಸರಿ ಸರಿಯಾಗಿ 50. ಕಾನೂನು ಮುರಿದಿಲ್ಲ. ಆದರೆ ಆ ಎರಡು ಗಂಟೆ ಪಕ್ಕದ ಮನೆಯಲ್ಲಿ ಮಲಗಿದ್ದ ಮಗು ಏನನ್ನು ಉಸಿರಾಡಿತು? ಸರಾಸರಿ ಎಷ್ಟು ಗಂಟೆಯದ್ದು, ಅಳೆಯುವ ಜಾಗ ಯಾವುದು, ಅಳೆಯುವವರು ಯಾರು, ದಾಖಲೆ ಯಾರ ಹತ್ತಿರ ಇರುತ್ತದೆ: ಕೇಸುಗಳು ಗೆಲ್ಲುವುದೂ ಸೋಲುವುದೂ ಕಾಯ್ದೆಯ ಸೆಕ್ಷನ್ನಿಗಿಂತ ಜಾಸ್ತಿ ಇಂಥ ಸಾಲುಗಳಲ್ಲೇ ಅಂತ ನಾನು ನಂಬಿದ್ದೇನೆ.

ಇಷ್ಟಾದ ಮೇಲೆ ಮುನ್ನೆಚ್ಚರಿಕೆ ತತ್ವಕ್ಕೆ ಬನ್ನಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಬೇಡಿ ಎಂಬುದೇ ಅದರ ಸಾರ. ರಿಯೊ ಘೋಷಣೆಯ 15ನೇ ತತ್ವ ಹೇಳುವುದು ಹೀಗೆ: ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿಯ ಅಪಾಯ ಇದ್ದಾಗ, ವಿಜ್ಞಾನ ಪೂರ್ತಿ ಖಚಿತವಾಗಿಲ್ಲ ಎಂಬ ಕಾರಣಕ್ಕೆ ಖರ್ಚಿಗೆ ತಕ್ಕ ಕ್ರಮಗಳನ್ನು ಮುಂದೂಡಬಾರದು. ಓಜೋನ್ ವಿಷಯದಲ್ಲಿ ಜಗತ್ತು ಹೀಗೆಯೇ ನಡೆದುಕೊಂಡಿತು. ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ ಅನಿಲಗಳು ಓಜೋನ್ ಪದರವನ್ನು ಹಾಳು ಮಾಡಬಹುದು ಎಂದು 1974ರಲ್ಲಿ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. 1985ರಲ್ಲಿ ವಿಯೆನ್ನಾ ಒಪ್ಪಂದ, 1987ರಲ್ಲಿ ಮಾಂಟ್ರಿಯಲ್ ಪ್ರೋಟೋಕಾಲ್ ಬಂತು. ಅಂಟಾರ್ಕ್ಟಿಕಾದ ಮೇಲಿನ ರಂಧ್ರದ ಕಾರಣ ಪೂರ್ತಿ ಇತ್ಯರ್ಥವಾಗುವ ಮೊದಲೇ ಸಹಿ ಬಿದ್ದಿತ್ತು.

ಆದರೆ 15ನೇ ತತ್ವದಲ್ಲಿ ರುಜುವಾತಿನ ಹೊರೆ ಕೈಗಾರಿಕೆಯ ಮೇಲೆ ಎಂದು ಎಲ್ಲೂ ಬರೆದಿಲ್ಲ. ಆ ಹೆಜ್ಜೆಯನ್ನು ಕೆಲವು ನ್ಯಾಯಾಲಯಗಳು ತಾವಾಗಿಯೇ ಇಟ್ಟವು. ಭಾರತದ ಸುಪ್ರೀಂ ಕೋರ್ಟ್ 1996ರ ವೆಲ್ಲೂರ್ ಪ್ರಕರಣದಲ್ಲಿ, ಚರ್ಮ ಹದ ಮಾಡುವ ಘಟಕಗಳ ಕೊಳಚೆ ನೀರಿನ ವಿಚಾರದಲ್ಲಿ, ತನ್ನ ಕೆಲಸದಿಂದ ಪರಿಸರಕ್ಕೆ ಧಕ್ಕೆ ಇಲ್ಲ ಎಂದು ಉದ್ಯಮಿಯೇ ತೋರಿಸಬೇಕು ಎಂದಿತು. ಟ್ರೇಲ್ ತೀರ್ಪಿನ ಎರಡನೇ ಅರ್ಧವನ್ನು ಇದರ ಪಕ್ಕದಲ್ಲಿಟ್ಟು ಓದಿ. 55 ವರ್ಷಗಳಲ್ಲಿ ಹೊರೆ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಗಿದೆ. ಎಲ್ಲ ಕಡೆ ಹೋಗಿಲ್ಲ ಎಂಬುದನ್ನೂ ಮರೆಯಬೇಡಿ. ಒಂದೇ ತತ್ವದ ಹೆಸರು ಹೇಳಿ ಎರಡು ದೇಶಗಳು ಎರಡು ದಾರಿ ಹಿಡಿಯುತ್ತವೆ.

ಪರಿಸರ ಪರಿಣಾಮ ಅಧ್ಯಯನದ ಬಗ್ಗೆ, ಅಂದರೆ ಯೋಜನೆಯಿಂದ ಪರಿಸರಕ್ಕೆ ಏನಾಗಬಹುದು ಎಂದು ಮೊದಲೇ ಅಳೆದು ಬರೆಯುವ ವರದಿಯ ಬಗ್ಗೆ, ವಿದ್ಯಾರ್ಥಿಗಳಿಗೆ ಇರುವ ನಿರೀಕ್ಷೆ ದೊಡ್ಡದು. ವರದಿ ಕೆಟ್ಟದಾಗಿ ಬಂದರೆ ಯೋಜನೆ ನಿಲ್ಲುತ್ತದೆ ಅಂತ ಅಂದುಕೊಳ್ಳುತ್ತಾರೆ. ಈ ಪದ್ಧತಿಗೆ ದಾರಿ ಹಾಕಿದ್ದು ಅಮೆರಿಕದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆ, ಅದಕ್ಕೆ ಸಹಿ ಬಿದ್ದದ್ದು 1970ರ ಜನವರಿ 1ರಂದು. ಅದರ ಬಗ್ಗೆ ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟವಾಗಿ ಹೇಳಿತು: ಈ ಕಾಯ್ದೆ ತಡೆಯುವುದು ತಿಳಿಯದೆ ಮಾಡುವ ನಿರ್ಧಾರವನ್ನು, ವಿವೇಕವಿಲ್ಲದ ನಿರ್ಧಾರವನ್ನಲ್ಲ. ಅಂದರೆ ಹಾನಿ ಗೊತ್ತಿದ್ದೂ ಮುಂದುವರಿಯಬಹುದು. ಕೇಳಿದರೆ ಬೇಜಾರಾಗುತ್ತದೆ. ಆದರೂ ಈ ಅಧ್ಯಯನ ಹಗುರವಾದದ್ದಲ್ಲ. ಯೋಜನೆ ಮಾಡುವವರೇ ಅಪಾಯವನ್ನು ಅಳೆದು, ಬರೆದು, ಜನರ ಮುಂದಿಡಬೇಕು. ಮಾಹಿತಿ ಹುಡುಕುವ ಖರ್ಚು ಅವರದಾಗುತ್ತದೆ. ಕೋರ್ಟಿನಲ್ಲಿ ನಮಗೆ ಸಿಗುವ ಮೊದಲ ಪುರಾವೆ ಎಷ್ಟೋ ಸಲ ಅದೇ ವರದಿ.

ಯಾರು ಕೋರ್ಟಿಗೆ ಬರಬಹುದು ಎಂಬ ಅಧ್ಯಾಯವನ್ನು ಎರಡು ತೀರ್ಪುಗಳಲ್ಲಿ ಹಿಡಿಯಬಹುದು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸಿಯೆರಾ ಕ್ಲಬ್ ಎಂಬ ಪರಿಸರ ಸಂಘಟನೆ ತನ್ನ ಸದಸ್ಯರಿಗೇ ತೊಂದರೆಯಾಗುತ್ತದೆ ಎಂದು ಹೇಳದ ಕಾರಣಕ್ಕೆ ಸೋತಿತು. 1993ರಲ್ಲಿ ಫಿಲಿಪ್ಪೀನ್ಸ್‌ನ ಸುಪ್ರೀಂ ಕೋರ್ಟ್ ಕಾಡು ಉಳಿಸಲು ಬಂದ ಮಕ್ಕಳಿಗೆ, ಇನ್ನೂ ಹುಟ್ಟದ ಪೀಳಿಗೆಯ ಪರವಾಗಿಯೂ ವಾದಿಸಲು ಅವಕಾಶ ಕೊಟ್ಟಿತು. ಎರಡನ್ನೂ ಒಂದೇ ದಿನ ಓದಿ.

ಓದುವ ಕ್ರಮದ ಬಗ್ಗೆ ನನ್ನ ಸಲಹೆ ಇದು. ಅಂತರರಾಷ್ಟ್ರೀಯ ಒಪ್ಪಂದಗಳಿಂದ ಶುರು ಮಾಡಬೇಡಿ. ಮೊದಲು ಟಾರ್ಟ್ (ಒಬ್ಬರು ಇನ್ನೊಬ್ಬರಿಗೆ ಮಾಡಿದ ಹಾನಿಗೆ ಪರಿಹಾರ ಕೊಡಿಸುವ ಕಾನೂನು) ಮತ್ತು ಆಡಳಿತ ಕಾನೂನನ್ನು ಗಟ್ಟಿ ಮಾಡಿಕೊಳ್ಳಿ. ಅಧಿಕಾರಿಯ ನಿರ್ಧಾರವನ್ನು ಯಾವ ಕಾರಣಕ್ಕೆ ಪ್ರಶ್ನಿಸಬಹುದು ಅಂತ ಗೊತ್ತಿಲ್ಲದವರಿಗೆ ಪರಿಸರ ಕಾಯ್ದೆಯ ಮುಕ್ಕಾಲು ಭಾಗ ಅರ್ಥವೇ ಆಗುವುದಿಲ್ಲ. ಜೊತೆಗೆ ಸ್ವಲ್ಪ ಸಂಖ್ಯಾಶಾಸ್ತ್ರ, ಸ್ವಲ್ಪ ರಸಾಯನಶಾಸ್ತ್ರ. ತಜ್ಞ ಸಾಕ್ಷಿಯನ್ನು ಪಾಟೀಸವಾಲು ಮಾಡುವ ವಕೀಲರಿಗೆ ಸರಾಸರಿಗೂ ಗರಿಷ್ಠಕ್ಕೂ ವ್ಯತ್ಯಾಸ ಗೊತ್ತಿರಬೇಕು. ವಿಶ್ವವಿದ್ಯಾಲಯಗಳು ಇದನ್ನು ಐಚ್ಛಿಕ ಅಂತ ಬಿಡುವುದು ನನಗೆ ಸರಿ ಕಾಣುವುದಿಲ್ಲ. ವಿಜ್ಞಾನ ವಿಭಾಗ ಅದೇ ಕ್ಯಾಂಪಸ್ಸಿನಲ್ಲಿರುತ್ತದೆ, ಒಂದು ಜಂಟಿ ತರಗತಿ ಮಾಡುವುದಕ್ಕೆ ಏನು ಕಷ್ಟ?

ಈ ಸೆಮಿಸ್ಟರಿನಲ್ಲಿ ಒಂದು ಪರಿಣಾಮ ಅಧ್ಯಯನ ವರದಿಯನ್ನು ಮೊದಲ ಪುಟದಿಂದ ಅನುಬಂಧದವರೆಗೆ ಓದಿ. ಸಾರಾಂಶ ನೋಡಿ ಬಿಡಬೇಡಿ. ಅಳತೆ ತೆಗೆದ ತಿಂಗಳು ಯಾವುದು, ಮಳೆ ಬಂದು ಧೂಳು ಅಡಗಿದ್ದ ಸಮಯವೋ, ಗಾಳಿ ಯಾವ ದಿಕ್ಕಿಗೆ ಬೀಸುತ್ತಿತ್ತು, ಮಾದರಿ ತೆಗೆದ ಜಾಗ ಮನೆಗಳಿರುವ ಕಡೆ ಇತ್ತೋ ಇಲ್ಲವೋ ಎಂದು ಅನುಬಂಧದಲ್ಲಿ ಹುಡುಕಿ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಮೇಲೆ ಆ ಗುರುತುಗಳನ್ನು ತೆಗೆದುಕೊಂಡು ತರಗತಿಗೆ ಬನ್ನಿ. ಚರ್ಚೆ ಅಲ್ಲಿಂದ ಶುರುವಾಗಲಿ.