ಅರ್ಧದಷ್ಟು ಇಂಜೆಕ್ಟರುಗಳು ಕೈಕೊಟ್ಟಾಗಲೂ ಹಾರಬೇಕು

‘ಸಾರ್, 13ಬಿಗೆ ಎಷ್ಟು ಸಿಸಿ ಇಂಜೆಕ್ಟರ್ ಹಾಕಲಿ?’ ಪೆಟ್ರೋಲ್ ಇಂಜೆಕ್ಷನ್ ಟ್ಯೂನಿಂಗ್ ನನ್ನ ಕಸುಬಾದ್ದರಿಂದ ಈ ಪ್ರಶ್ನೆ ಆಗಾಗ ಬರುತ್ತದೆ. ಇಂಜೆಕ್ಟರ್ ಎಂದರೆ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ವಿದ್ಯುತ್ ಕವಾಟ; ಪೂರ್ತಿ ತೆರೆದಾಗ ನಿಮಿಷಕ್ಕೆ ಎಷ್ಟು ಸಿಸಿ ಹರಿಯುತ್ತದೆ ಎಂಬುದೇ ಅದರ ಅಳತೆ. ಕೇಳುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಕಿಟ್ ವಿಮಾನ ಕಟ್ಟುತ್ತಿರುವ ನಮ್ಮ ಕಡೆಯ ಎಂಜಿನಿಯರುಗಳು. ಅದಕ್ಕೆ ಮಾಜ್ದಾ ಕಾರಿನ 13ಬಿ ಎಂಬ ರೋಟರಿ ಎಂಜಿನ್ (ಪಿಸ್ಟನ್ ಬದಲು ತ್ರಿಕೋನದ ರೋಟರ್ ಸುತ್ತುವಂಥದ್ದು) ಕೂರಿಸುವ ಹಟ ಅವರದು. ಇತ್ತೀಚೆಗೆ ಇಲ್ಲಿನ ಡ್ರೋನ್ ಹುಡುಗರೂ ಕೇಳತೊಡಗಿದ್ದಾರೆ. ಹಾಗೆ ನೋಡಿದರೆ ರೋಟರಿ ನಮ್ಮೂರಿಗೆ ಹೊಸದಲ್ಲ. ಸರ್ಕಾರಿ ಸಂಶೋಧನಾ ಸಂಸ್ಥೆಗಳಾದ ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹ್ಮದ್‌ನಗರದ ವಿಆರ್‌ಡಿಇ ಜೊತೆ ಸೇರಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ (ರೋಟರಿ) ಎಂಜಿನ್ 2009ರಲ್ಲೇ ಕೋಲಾರದಲ್ಲಿ ನಿಶಾಂತ್ ಡ್ರೋನನ್ನು ಹಾರಿಸಿತ್ತು.

ಲೆಕ್ಕದಲ್ಲಿ ಮೊದಲು ಎಡವುವುದು ಎಂಜಿನ್ ಗಾತ್ರದಲ್ಲಿ. 13ಬಿಗೆ ಎರಡು ರೋಟರ್, ಒಂದೊಂದಕ್ಕೆ 654 ಸಿಸಿ, ಒಟ್ಟು 1308. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುವಿನ ತಂತ್ರಾಂಶದಲ್ಲಿ ‘1.3 ಲೀಟರ್, ಫೋರ್ ಸ್ಟ್ರೋಕ್’ ಎಂದು ತುಂಬಿದರೆ ಬೇಕಾದ ಪೆಟ್ರೋಲಿನ ಅರ್ಧ ಮಾತ್ರ ಸಿಗುತ್ತದೆ. ಪ್ರತಿ ರೋಟರ್ ಶಾಫ್ಟಿನ ಪ್ರತಿ ಸುತ್ತಿಗೂ ಒಮ್ಮೆ ಗಾಳಿ ಎಳೆದುಕೊಳ್ಳುತ್ತದೆ, ಪಿಸ್ಟನ್ ಎಂಜಿನ್ನಿನಲ್ಲಿ ಅದು ಎರಡು ಸುತ್ತಿಗೊಮ್ಮೆ. ಆದ್ದರಿಂದ 2.6 ಲೀಟರಿನ ಫೋರ್ ಸ್ಟ್ರೋಕ್ ಎಂದೇ ಎಣಿಸಬೇಕು. ಇದರ ಇನ್ನೊಂದು ಮುಖವನ್ನು ಬಹಳ ಜನ ಗಮನಿಸುವುದಿಲ್ಲ. 6000 ಆರ್‌ಪಿಎಂನಲ್ಲಿ ಪಿಸ್ಟನ್ ಎಂಜಿನ್ನಿನ ಇಂಜೆಕ್ಟರಿಗೆ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಇರುತ್ತದೆ. ರೋಟರಿಯದಕ್ಕೆ ಬರೀ 10.

ಈಗ ಅಂಕಿಗೆ ಬರೋಣ. 180 ಅಶ್ವಶಕ್ತಿ ಬೇಕು ಎನ್ನಿ. ಪೂರ್ತಿ ಶಕ್ತಿಯಲ್ಲಿ, ಸ್ವಲ್ಪ ರಿಚ್ ಆಗಿ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚಾಗಿ) ಓಡುವ ರೋಟರಿ ಎಂಜಿನ್ನಿಗೆ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 250 ಗ್ರಾಂ ಪೆಟ್ರೋಲ್ ಹಿಡಿಯುತ್ತೇನೆ. ಅಲ್ಲಿಗೆ ಗಂಟೆಗೆ 45 ಕಿಲೋ, ಅಂದರೆ ಹೆಚ್ಚುಕಡಿಮೆ 61 ಲೀಟರ್, ನಿಮಿಷಕ್ಕೆ ಸಾವಿರದ ಚಿಲ್ಲರೆ ಸಿಸಿ. ಒಂದೊಂದು ರೋಟರಿಗೆ ಎರಡರಂತೆ ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 253. ಡ್ಯೂಟಿ ಸೈಕಲ್ (ಆವರ್ತದಲ್ಲಿ ಇಂಜೆಕ್ಟರ್ ತೆರೆದಿರುವ ಪಾಲು) ಶೇ 80 ದಾಟಬಾರದು ಎಂಬ ವಾಡಿಕೆ ಸೇರಿಸಿದರೆ 320ರ ಆಸುಪಾಸು. ಯಾವ ಕ್ಯಾಲ್ಕುಲೇಟರ್ ಕೇಳಿದರೂ ಇದನ್ನೇ ಹೇಳುತ್ತದೆ. ಕಾರಿಗೆ ಇದು ಸಾಕು. ವಿಮಾನಕ್ಕೆ ನಾನು ಒಪ್ಪುವುದಿಲ್ಲ.

ಕಾರಿನ ಇಂಜೆಕ್ಟರ್ ಕಟ್ಟಿಕೊಂಡರೆ ಹೆಬ್ಬಾಳದ ಫ್ಲೈಓವರ್ ಪಕ್ಕಕ್ಕೆ ನಿಲ್ಲಿಸಿ ಹಿಂದಿನವರಿಂದ ಬೈಸಿಕೊಂಡರಾಯಿತು. ವಿಮಾನದಲ್ಲಿ ಒಂದು ಇಂಜೆಕ್ಟರ್ ಮುಚ್ಚಿಕೊಂಡರೆ ಆ ರೋಟರಿಗೆ ಅರ್ಧ ಇಂಧನವೇ ಹೋಗಿ ಅದು ಕೆಲಸ ನಿಲ್ಲಿಸುತ್ತದೆ, ಇಲ್ಲವೇ ಲೀನ್ ಆಗಿ (ಗಾಳಿಗೆ ಇಂಧನ ಸಾಲದೆ) ಡೆಟೊನೇಷನ್, ಅಂದರೆ ಇಂಧನ ಹತೋಟಿ ತಪ್ಪಿ ಸಿಡಿಯುವುದು, ಶುರುವಾಗುತ್ತದೆ. ರೋಟರಿನ ಮೂಲೆಗಳಲ್ಲಿ ಅನಿಲ ಸೋರದಂತೆ ತಡೆಯುವ ಎಪೆಕ್ಸ್ ಸೀಲುಗಳು ಮುರಿಯುವುದು ಇಂಥ ಹೊತ್ತಿನಲ್ಲೇ. ಹೀಗಾಗಿ ವಿಮಾನದ ವ್ಯವಸ್ಥೆಯಲ್ಲಿ ಪ್ರತಿ ರೋಟರಿಗೂ ಪ್ರೈಮರಿ ಒಂದು, ಸೆಕೆಂಡರಿ ಒಂದು. ಪೈಲಟ್ ಮುಂದೆ ಒಂದು ಸ್ವಿಚ್. ಕೆಟ್ಟ ಜೋಡಿಯನ್ನು (ಪ್ರೈಮರಿ ಎರಡನ್ನೋ ಸೆಕೆಂಡರಿ ಎರಡನ್ನೋ) ಪೂರ್ತಿ ಆಫ್ ಮಾಡಿದರೆ ಇಸಿಯು ಉಳಿದ ಜೋಡಿಯ ಪಲ್ಸನ್ನು, ಅಂದರೆ ತೆರೆದಿರುವ ಅವಧಿಯನ್ನು, ಎರಡರಷ್ಟು ಮಾಡಬೇಕು. ಆದ್ದರಿಂದ ನಾಲ್ಕೂ ಸೇರಿ ಎಷ್ಟು ಕೊಡುತ್ತವೆ ಎಂಬುದಕ್ಕಿಂತ ಎರಡೇ ಉಳಿದಾಗ ವಿಮಾನ ಇನ್ನೂ ಮೇಲೇರುತ್ತದೆಯೇ ಎಂದು ನಾನು ಮೊದಲು ನೋಡುತ್ತೇನೆ.

ಏರಲು ಕನಿಷ್ಠ 130 ಅಶ್ವಶಕ್ತಿ ಬೇಕು ಎಂದುಕೊಳ್ಳಿ. ನಿಮಿಷಕ್ಕೆ 732 ಸಿಸಿ; ಎರಡೇ ಇಂಜೆಕ್ಟರಿಗೆ ತಲಾ 366. 440ರ ಇಂಜೆಕ್ಟರ್ ಹಾಕಿದರೆ ಶೇ 83, ಸಾಕಲ್ಲ ಅನಿಸುತ್ತದೆ. ಸಾಲದು. ಕರೆಂಟ್ ಹರಿದ ತಕ್ಷಣ ಇಂಜೆಕ್ಟರಿನ ಬಾಯಿ ಮುಚ್ಚಿರುವ ಸೂಜಿ ಮೇಲೇಳುವುದಿಲ್ಲ. ಕಾವೇರಿ ನೀರಿನ ನಲ್ಲಿ ತಿರುಗಿಸಿದರೆ ಮೊದಲು ಬರೀ ಗಾಳಿ ಬುಸುಗುಟ್ಟುವಂತೆ, ಮೊದಲ ಒಂದು ಮಿಲಿಸೆಕೆಂಡಿನಷ್ಟು ವ್ಯರ್ಥ. ಇದಕ್ಕೆ ಡೆಡ್ ಟೈಮ್ ಎನ್ನುತ್ತೇವೆ. 10 ಮಿಲಿಸೆಕೆಂಡಿನಲ್ಲಿ 8.3 ಇಂಧನಕ್ಕೆ, 1 ಡೆಡ್ ಟೈಮಿಗೆ ಹೋದರೆ ಉಳಿಯುವುದು 0.7. ಪ್ರೊಪೆಲ್ಲರಿನ ವೇಗ ಇಳಿಸಲು 2.85 ಅನುಪಾತದ ಗೇರ್‌ಬಾಕ್ಸ್ ಇಟ್ಟು ಎಂಜಿನ್ನನ್ನು 7500ಕ್ಕೆ ಓಡಿಸುವವರಿಗೆ ಆವರ್ತವೇ 8 ಮಿಲಿಸೆಕೆಂಡ್; ಅಲ್ಲಿ 440 ಬಹುತೇಕ ತೆರೆದೇ ಇರುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಅದೇ 500ರದಾದರೆ 6000ದಲ್ಲಿ ಡೆಡ್ ಟೈಮ್ ಸೇರಿಯೂ ಶೇ 83ಕ್ಕೆ ನಿಲ್ಲುತ್ತದೆ, 7500ರಲ್ಲಿ 86ರ ಹತ್ತಿರ. ನನ್ನ ಉತ್ತರ 500.

ಹಾಗಾದರೆ 850 ಹಾಕಿ ನಿಶ್ಚಿಂತೆಯಿಂದ ಇರಬಾರದೇ ಎಂದು ಕೇಳುವವರಿದ್ದಾರೆ. ಐಡ್ಲ್‌ನಲ್ಲಿ (ಥ್ರಾಟಲ್ ಮುಚ್ಚಿ ಎಂಜಿನ್ ಸುಮ್ಮನೆ ಓಡುವಾಗ) ಗಂಟೆಗೆ 3 ಲೀಟರ್ ಸುಡುತ್ತದೆ ಎಂದು ಹಿಡಿದರೆ, 1500 ಆರ್‌ಪಿಎಂನಲ್ಲಿ ಪ್ರೈಮರಿ ಎರಡೇ ಕೆಲಸ ಮಾಡಿದರೂ 500ಕ್ಕೆ ಪ್ರತಿ ಸುತ್ತಿಗೆ 2 ಮಿಲಿಸೆಕೆಂಡ್ ಸಿಗುತ್ತದೆ. 850ಕ್ಕೆ ಸಿಗುವುದು 1.2. ಅಷ್ಟು ಚಿಕ್ಕ ಪಲ್ಸಿನಲ್ಲಿ ಇಂಜೆಕ್ಟರ್ ಒಂದೊಂದು ಸಲ ಒಂದೊಂದು ಅಳತೆ ಕೊಡುತ್ತದೆ. ಇಳಿಯುವ ಹೊತ್ತಿಗೆ ಥ್ರಾಟಲ್ ಮುಚ್ಚಿದಾಗ ಎಂಜಿನ್ ಕೆಮ್ಮಿ ನಿಂತರೆ ಏನು ಮಾಡುತ್ತೀರಿ? ದೊಡ್ಡ ಇಂಜೆಕ್ಟರ್ ತೆರೆದೇ ಸಿಕ್ಕಿಕೊಂಡರೆ ಪ್ಲಗ್ಗುಗಳು ತೊಯ್ದು ಮುದ್ದೆಯಾಗುತ್ತವೆ. ಆಗ ಸ್ವಿಚ್ ಆರಿಸಿಯೂ ಉಪಯೋಗವಿಲ್ಲ.

ಆಲ್ಟರ್ನೇಟರ್ ಕೈಕೊಟ್ಟು ಬ್ಯಾಟರಿ ಇಳಿಯುತ್ತಾ ಹೋದಂತೆ ಡೆಡ್ ಟೈಮ್ ಬೆಳೆಯುತ್ತದೆ. 14 ವೋಲ್ಟಿನಲ್ಲಿ 1 ಮಿಲಿಸೆಕೆಂಡ್ ಇದ್ದದ್ದು 10 ವೋಲ್ಟಿಗೆ ಇಳಿದಾಗ ಎರಡರ ಹತ್ತಿರ ಹೋಗಬಹುದು. ಇಸಿಯುನಲ್ಲಿ ವೋಲ್ಟೇಜ್ ತಿದ್ದುಪಡಿಯ ಟೇಬಲ್ ಖಾಲಿ ಬಿಟ್ಟವರ ಎಂಜಿನ್, ಪೈಲಟ್ ರೇಡಿಯೊದಲ್ಲಿ ಮಾತಾಡುತ್ತಿರುವಾಗಲೇ ಮೆಲ್ಲಗೆ ಲೀನ್ ಆಗುತ್ತದೆ. ಯಾವ ದೀಪವೂ ಹತ್ತುವುದಿಲ್ಲ.

ಡಬ್ಬದ ಮೇಲಿನ ಅಂಕಿಯನ್ನು ನಂಬಿ ಹಾಕಬೇಡಿ. ಜೆ.ಸಿ. ರಸ್ತೆಯಲ್ಲಿ ಕೊಂಡರೂ ವಿದೇಶದಿಂದ ತರಿಸಿದರೂ ಬೆಂಚಿನ ಮೇಲೆ 3 ಬಾರ್ ಒತ್ತಡದಲ್ಲಿ ಅಳತೆಯ ಗಾಜಿನ ಕೊಳವೆಗೆ ಹರಿಸಿ ನೋಡಿ. ನಾಲ್ಕರಲ್ಲಿ ವ್ಯತ್ಯಾಸ ಶೇ 2 ದಾಟಿದರೆ ಜೋಡಿ ಬದಲಿಸಿ. ಹೆಚ್ಚು ಹರಿಯುವುದೂ ಕಡಿಮೆ ಹರಿಯುವುದೂ ಒಂದೇ ರೋಟರಿಗೆ ಬಂದರೆ ನಾಲ್ಕೂ ಓಡುವಾಗ ಎರಡು ರೋಟರ್ ಸಮನಾಗುತ್ತವೆ. ಒಂದು ಜೋಡಿ ಆಫ್ ಮಾಡಿದಾಗ ಆಗುವುದಿಲ್ಲ. ಹಾಗಾಗಿ ನಾನು ಪ್ರೈಮರಿ ಎರಡನ್ನು ಒಂದಕ್ಕೊಂದು, ಸೆಕೆಂಡರಿ ಎರಡನ್ನು ಒಂದಕ್ಕೊಂದು ಹೊಂದಿಸುತ್ತೇನೆ. ಕೈಯಲ್ಲಿ 440 ಮಾತ್ರ ಇದ್ದರೆ ಒತ್ತಡ ಏರಿಸಿ 500 ಮಾಡಬಹುದು. ಆದರೆ ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ 3.9 ಬಾರ್ ಬೇಕಾಗುತ್ತದೆ, ಆ ಹೊರೆ ಪಂಪಿನ ಮೇಲೆ ಬೀಳುತ್ತದೆ.

ಬೆಂಗಳೂರಿನಲ್ಲಿ ಅಳತೆ ಮಾಡುವವರಿಗೆ ಎರಡು ಮಾತು. ನಾವಿರುವುದು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಮೇಲೆ, ಗಾಳಿಯ ಒತ್ತಡ ಹತ್ತು ಪಾಲಿನಲ್ಲಿ ಒಂದು ಪಾಲು ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಇಲ್ಲಿನ ಡೈನೊದಲ್ಲಿ (ಶಕ್ತಿ ಅಳೆಯುವ ಯಂತ್ರ) 162 ಅಶ್ವಶಕ್ತಿ ತೋರಿಸಿದರೆ ಮಂಗಳೂರಿನಲ್ಲಿ 180ರ ಹತ್ತಿರ ಕೊಟ್ಟು, ಅದಕ್ಕೆ ತಕ್ಕಷ್ಟು ಇಂಧನ ಕೇಳುತ್ತದೆ. ಇಂಜೆಕ್ಟರನ್ನು ಮಂಗಳೂರಿಗೆ ಹೊಂದಿಸಿ. ಇನ್ನೊಂದು, 2023ರ ಫೆಬ್ರವರಿಯಲ್ಲಿ ಇದೇ ಊರಿನಲ್ಲಿ ಪ್ರಧಾನಿ ಬಿಡುಗಡೆ ಮಾಡಿದ, ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲ್. ಎಥೆನಾಲ್ ಬೆರೆತಷ್ಟೂ ಅದೇ ಗಾಳಿಗೆ ಹೆಚ್ಚು ಇಂಧನ ಬೇಕು. ಇ20ಗೆ ಸುಮಾರು ಶೇ 8 ಜಾಸ್ತಿ. ನೀರು ಹೀರುವ ಎಥೆನಾಲನ್ನು ವಿಮಾನದ ಟ್ಯಾಂಕಿನಿಂದ ದೂರ ಇಡುವುದೇ ನನ್ನ ಸಲಹೆ, ಆದರೆ ನೆಲದ ಮೇಲಿನ ಪರೀಕ್ಷೆಗೆ ಬಂಕಿನ ಪೆಟ್ರೋಲನ್ನೇ ಸುರಿಯುವವರು ಆಗ ಇಸಿಯುನಲ್ಲಿ ತುಂಬಿದ ಇಂಧನದ ಲೆಕ್ಕಪಟ್ಟಿಯನ್ನು (ಮ್ಯಾಪ್) ಹಾಗೇ ಉಳಿಸಿಕೊಂಡು ಹಾರಬಾರದು.

ಕೊನೆಯ ಪರೀಕ್ಷೆ ವಿಮಾನವನ್ನು ಗಟ್ಟಿಯಾಗಿ ಕಟ್ಟಿ ಮಾಡುವಂಥದ್ದು. ಮೊದಲು ಕಡಿಮೆ ಶಕ್ತಿಯಲ್ಲಿ ಪ್ರೈಮರಿ ಆಫ್ ಮಾಡಿ, ಆಮೇಲೆ ಅದನ್ನು ಮತ್ತೆ ಆನ್ ಮಾಡಿ ಸೆಕೆಂಡರಿ ಆಫ್ ಮಾಡಿ. ಗಾಳಿ-ಇಂಧನ ಮೀಟರ್ ಕದಲದಿದ್ದರೆ ಮಾತ್ರ ಥ್ರಾಟಲ್ ಒಂದು ಮೆಟ್ಟಿಲು ಮೇಲಕ್ಕೆ. ಲೀನ್ ಕಡೆಗೆ ವಾಲಿದ ಕ್ಷಣ ಥ್ರಾಟಲ್ ಇಳಿಸಿ, ಟೇಬಲ್ ತಿದ್ದಿ, ಮತ್ತೆ ಕೆಳಗಿನಿಂದಲೇ ಶುರುಮಾಡಿ.