ಹೊಸ ಮಿಷಿನ್ ಅಂದ್ರೆ ಆರೋಗ್ಯ ಸೇವಿಕೆಯರಿಗೆ ಭಯವಾ?

ಪ್ರಶ್ನೆ: ನಮ್ಮ ಚಾಳ್ ವಠಾರಕ್ಕೆ ಕ್ಯಾನ್ಸರ್ ತಪಾಸಣೆಗೆ ಬರುವ ಸೇವಿಕೆ ಹತ್ತನೇ ಕ್ಲಾಸ್ ಓದಿದವರು. ಈಗ ಅವರ ಕೈಗೆ ಟ್ಯಾಬು, ಹೊಸ ಮಿಷಿನ್ ಕೊಡುತ್ತಾರಂತೆ. ಅವರಿಗೆ ಅದೆಲ್ಲ ಒಗ್ಗುತ್ತದಾ? ನಂಬಿ ತೋರಿಸಬಹುದಾ?
(ಘಾಟ್‌ಕೋಪರ್‌ನ ಓದುಗರು)

ಉತ್ತರ: ತೋರಿಸಿ. ಖಂಡಿತ ತೋರಿಸಿ. ಇದೇ ಪ್ರಶ್ನೆಯನ್ನು ಸಂಘದ ಕಾರ್ಯಕ್ರಮದಲ್ಲೂ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಕಡಿಮೆ ಓದಿದವರಿಗೆ ಹೊಸದು ತಲೆಗೆ ಹತ್ತುವುದಿಲ್ಲ ಅನ್ನುವ ಮಾತು ಸುಳ್ಳು. ಅದನ್ನು ತೋರಿಸಿಕೊಟ್ಟಿದ್ದೇ ನಮ್ಮ ಮುಂಬೈ. 1998ರಲ್ಲಿ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಇಲ್ಲಿನ ಕೊಳೆಗೇರಿಗಳಲ್ಲಿ ದೊಡ್ಡ ಅಧ್ಯಯನ ಶುರು ಮಾಡಿದರು. 35ರಿಂದ 64 ವಯಸ್ಸಿನ ಸುಮಾರು 1.5 ಲಕ್ಷ ಹೆಂಗಸರು ಅದರಲ್ಲಿದ್ದರು. ಅವರಲ್ಲಿ ಅರ್ಧದಷ್ಟು ಜನರ ಪಾಲಿಗೆ ತಪಾಸಣೆ. ಅದನ್ನು ಮಾಡಿದವರು ಡಾಕ್ಟರಲ್ಲ. ಹತ್ತನೇ ಕ್ಲಾಸ್ ಓದಿ, ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ಗರ್ಭಕೋಶದ ಬಾಯಿಗೆ ತೆಳುವಾದ ಅಸಿಟಿಕ್ ಆಸಿಡ್ ಹಚ್ಚುವುದು, ಅಂದ್ರೆ ವಿನೆಗರ್ ಇದ್ದಂತೆ. ಒಂದು ನಿಮಿಷ ಕಾಯುವುದು. ಅಲ್ಲಿ ಬೆಳ್ಳಗೆ ಮಚ್ಚೆ ಎದ್ದರೆ ಆಸ್ಪತ್ರೆಗೆ ಕಳಿಸುವುದು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷಕ್ಕೊಮ್ಮೆ ಹೀಗೆ ತಪಾಸಣೆಯಾದ ಗುಂಪಿನಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಸಾವು ಶೇ. 31 ಕಡಿಮೆ!

ಅದೇ ಸೇವಿಕೆಯರು ಕೈಯಿಂದ ಮುಟ್ಟಿ ಸ್ತನವನ್ನೂ ನೋಡುತ್ತಿದ್ದರು. ಅದರ ಲೆಕ್ಕ 2021ರಲ್ಲಿ ಬಂತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹೆಚ್ಚೂಕಡಿಮೆ ಶೇ. 30 ಇಳಿದಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಲೇಬೇಕು. ಈ ಎರಡೂ ಪರೀಕ್ಷೆ ಆಗ ಆ ಹೆಂಗಸರಿಗೆ ಹೊಸದೇ ಅಲ್ವಾ? ಕಲಿತರು, ಮಾಡಿದರು, ಜೀವ ಉಳಿಸಿದರು.

ಹಾಗಾದರೆ ಕೆಲವರು ಮಿಷಿನ್ ನೋಡಿ ಮುಖ ಸಿಂಡರಿಸುವುದು ಯಾಕೆ? ನಾನು ಒಂದು ಮಧ್ಯಾಹ್ನವಿಡೀ ಒಬ್ಬ ಸೇವಿಕೆಯ ಜೊತೆ ಗುಡ್ಡದ ಮೇಲಿನ ವಸ್ತಿಯಲ್ಲಿ ಓಡಾಡಿದ್ದೆ. ಕಡಿದಾದ ಮೆಟ್ಟಿಲು, ಹೆಗಲಲ್ಲಿ ಭಾರದ ಚೀಲ. ಮೂರನೇ ಮನೆಯಲ್ಲಿ ಹೆಸರು, ವಯಸ್ಸು ತುಂಬುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಮತ್ತೆ ಮೊದಲಿಂದ ತುಂಬಿದರು. ಆಮೇಲೆ ಅದನ್ನೇ ರಿಜಿಸ್ಟರಿನಲ್ಲೂ ಬರೆದರು. ಇಳಿಯುವಾಗ ಹೇಳಿದರು: "ಮಿಷಿನ್ ಚಲೋ ಅದ ಅಕ್ಕಾ. ಆದ್ರ ಎರಡೆರಡು ಸಲ ಬರಿಯೋದು ಯಾರು? ಅದು ಗಂಟು ಐತಿ ಅಂತ ಹೇಳಿ ಸುಮ್ಮನಾಗ್ತದ. ಮುಂದ ಎಲ್ಲಿಗೆ ಹೋಗ್ಲಿ ಅಂತ ಆ ಹೆಣ್ಮಗಳು ನನ್ನ ಮನೀಗೇ ಬರ್ತಾಳ."

ಇದು ಭಯ ಅಲ್ಲ, ಜವಾಬ್ದಾರಿ. ಮಿಷಿನ್ ಕೊಡುವವರು ಮುಂದಿನ ಡಾಕ್ಟರು ಯಾರು, ಯಾವ ದಿನ, ಯಾವ ಕೋಣೆ ಅಂತ ಅವರ ಕೈಗೆ ಚೀಟಿಯನ್ನೂ ಕೊಡಬೇಕು. ಆಗ ಯಾವ ಸೇವಿಕೆಯೂ ಬೇಡ ಅನ್ನುವುದಿಲ್ಲ. ಈಗ ಬೆಂಗಳೂರಿನ ನಿರಾಮಯ್ ಕಂಪನಿಯ ಥರ್ಮಲ್ ಕ್ಯಾಮೆರಾ ಇದೆ, ಮೈ ಮುಟ್ಟದೆ ಎದೆಯ ಬಿಸಿಯನ್ನು ನೋಡಿ ಸ್ತನ ಕ್ಯಾನ್ಸರಿನ ಸುಳಿವು ಹುಡುಕುತ್ತದೆ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆಗೆ ಹೆಂಗಸರು ತಾವೇ ಮಾದರಿ ತೆಗೆದುಕೊಡಬಹುದು, ಮುಜುಗರ ಎಷ್ಟೋ ತಪ್ಪುತ್ತದೆ. ಆದರೆ ಯಾವ ಮಿಷಿನ್ ಆದರೂ ಅನುಮಾನವಷ್ಟೇ ಹೇಳುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಹೇಳುವುದು ಬಯಾಪ್ಸಿ, ಅಂದ್ರೆ ಅನುಮಾನದ ಜಾಗದ ಚಿಕ್ಕ ಚೂರು ತೆಗೆದು ಮಾಡುವ ಪರೀಕ್ಷೆ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಬಾಯಿ ಕ್ಯಾನ್ಸರ್ ಅನುಮಾನ ಹಿಡಿಯಲು ಮಿಷಿನ್ನೇ ಬೇಡ, ಒಂದು ಟಾರ್ಚ್ ಸಾಕು. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ, ಅತ್ತೆ ಬೆಳಗಾದರೆ ಮಿಶ್ರಿಯಿಂದ ಹಲ್ಲು ಉಜ್ಜುತ್ತಾರೆ. ಮಿಶ್ರಿ ಅಂದ್ರೆ ಹುರಿದು ಪುಡಿ ಮಾಡಿದ ತಂಬಾಕೇ. ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡಬೇಡಿ. ಮುಂದಿನ ಸಲ ಸೇವಿಕೆ ಬಾಗಿಲಿಗೆ ಬಂದಾಗ ಅಜ್ಜಿಯನ್ನೂ ಕರೆದು ಬೆಳಕಿಗೆ ಕೂರಿಸಿ. ಮಿಶ್ರಿ ಡಬ್ಬಿಯನ್ನು ಅಡಗಿಸಿಡಬೇಡಿ.